ಮೀಟರ್ ಬೋರ್ಡ್ ಕತ್ತಲಾದಾಗ: ಶಿವಮೊಗ್ಗ ಆಟೋ ಕಾಂಪ್ಲೆಕ್ಸಿನ ಒಬ್ಬ ಮೇಸ್ತ್ರಿಯ ಕೆಲಸ

ಶಿವಮೊಗ್ಗದಲ್ಲಿ ಕಾರಿನ ವೈರಿಂಗ್ ಕೆಲಸಕ್ಕೆ ಯಾರ ಹತ್ತಿರ ಹೋಗಬೇಕು ಅಂತ ಕೇಳಿದರೆ ಈಗ ನಾನು ಧೈರ್ಯವಾಗಿ ಒಂದು ಅಂಗಡಿ ತೋರಿಸುತ್ತೇನೆ. ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನ ಒಳಗಿದೆ. ಅದಕ್ಕೆ ಬೋರ್ಡ್ ಇಲ್ಲ. ಒಂದು ಶೆಡ್ಡು, ಒಂದು ಮರದ ಮೇಜು, ಗೋಡೆಗೆ ನೇತುಹಾಕಿದ ವೈರಿನ ಕಟ್ಟುಗಳು, ಅಷ್ಟೆ. ಹೆಸರು ಬರೆಯಬೇಡಿ, ಇರುವ ಕೆಲಸವೇ ಮುಗಿಯುತ್ತಿಲ್ಲ ಅಂತ ಅವರೇ ಕೇಳಿಕೊಂಡಿದ್ದಾರೆ. ಅಲ್ಲಿ ಎಲ್ಲರೂ ಅವರನ್ನು ಮೇಸ್ತ್ರಿ ಅಂತಲೇ ಕರೆಯುತ್ತಾರೆ. ನಾನೂ ಹಾಗೇ ಬರೆಯುತ್ತೇನೆ.

ನನ್ನದು 2007ರ ಹ್ಯುಂಡೈ ಆಕ್ಸೆಂಟ್. ಅಪ್ಪ ತೆಗೆದುಕೊಂಡ ಕಾರು, ಈಗ ನಾನು ಓಡಿಸುತ್ತೇನೆ. ಎಂಜಿನ್ ಇನ್ನೂ ಗಟ್ಟಿಯಾಗಿದೆ. ಹಳೆಯ ಸ್ಟೀರಿಯೋ ಕೆಟ್ಟಿತ್ತು. ಅದಕ್ಕೆ ಒಂದು ಆಕ್ಸೆಸರೀಸ್ ಅಂಗಡಿಯಲ್ಲಿ ಟಚ್ ಸ್ಕ್ರೀನ್ ಸೆಟ್ ಹಾಕಿಸಿದೆ, ಹಿಂದಿನ ಕ್ಯಾಮೆರಾ ಸಮೇತ. ಹಾಡು ಚೆನ್ನಾಗಿ ಕೇಳುತ್ತಿತ್ತು, ಕ್ಯಾಮೆರಾ ಬರುತ್ತಿತ್ತು. ದುಡ್ಡು ಕೊಟ್ಟು ಬಂದೆ. ಸಂಜೆ ಲೈಟ್ ಹಾಕಿದರೆ ವೇಗ, ಪೆಟ್ರೋಲ್ ತೋರಿಸುವ ಮೀಟರ್ ಬೋರ್ಡ್ ಪೂರ್ತಿ ಕತ್ತಲು. ಹಿಂದಿನ ಟೈಲ್ ಲೈಟುಗಳೂ ಇಲ್ಲ.

ಮರುದಿನ ಅದೇ ಅಂಗಡಿಗೆ ಹೋದೆ. "ಫ್ಯೂಸ್ ಹೋಗಿದೆ ಮೇಡಂ, ಹಳೇ ಗಾಡಿ ಅಲ್ವಾ" ಅಂತ ಹೇಳಿ ಬೇರೆ ಫ್ಯೂಸ್ ಹಾಕಿದರು. ಟೈಲ್ ಲೈಟ್ ಬಂತು. ಡ್ಯಾಶ್‌ಬೋರ್ಡ್ ಲೈಟ್ ಬರಲಿಲ್ಲ. ಆಗಲೇ ಸ್ಟೀರಿಂಗಿನ ಪಕ್ಕದಿಂದ ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು. ಹೊಸ ಸೆಟ್ಟು, ಮೊದಮೊದಲು ಹಾಗೇ ವಾಸನೆ ಬರುತ್ತದೆ ಅಂದರು. ಡ್ಯಾಶ್‌ಬೋರ್ಡ್ ವಿಷಯ ಕೇಳಿದ್ದಕ್ಕೆ, "ಲೈಟ್ ಹಾಕಿದ್ರೆ ನಮ್ಮ ಸ್ಕ್ರೀನ್ ಮಂದ ಆಗ್ತಿದೆ ನೋಡಿ, ಅಂದ್ರೆ ನಮ್ಮ ವೈರಿಂಗ್ ಸರಿ ಇದೆ. ನಿಮ್ಮ ಮೀಟರ್ ಬಲ್ಬ್‌ಗಳು ಹೋಗಿವೆ" ಅಂದರು.

ಒಂದೇ ದಿನ ಎಲ್ಲ ಬಲ್ಬ್‌ಗಳೂ ಒಟ್ಟಿಗೆ ಹೋಗುತ್ತವಾ? ಮೀಟರಿನದ್ದು, ಎಸಿ ಪ್ಯಾನಲಿನದ್ದು, ಸ್ವಿಚ್ಚುಗಳದ್ದು? ನನಗೆ ನಂಬಿಕೆ ಬರಲಿಲ್ಲ. ಇನ್ನೊಂದು ಗ್ಯಾರೇಜಿಗೆ ಹೋದೆ. ಅಲ್ಲಿ ಒಂದು ಸ್ಕ್ರೂ ಕೂಡ ಬಿಚ್ಚದೆ, ಪೂರ್ತಿ ಮೀಟರ್ ಸೆಟ್ ಬದಲಾಯಿಸಬೇಕು ಅಂದರು. ಅದಕ್ಕೆ ಅವರು ಹೇಳಿದ ಮೊತ್ತ ಈ ಕಾರಿಗೆ ತೀರಾ ಜಾಸ್ತಿ.

ಇದು ಸಣ್ಣ ತೊಂದರೆ ಅಂತ ಕೆಲವರಿಗೆ ಅನ್ನಿಸಬಹುದು. ನಾನು ಶನಿವಾರ ಕೆಲಸ ಮುಗಿಸಿ ತೀರ್ಥಹಳ್ಳಿಯ ಕಡೆ ಮನೆಗೆ ಹೋಗುವವಳು. ಸುಮಾರು 60 ಕಿಲೋಮೀಟರ್ ದಾರಿ. ಗಾಜನೂರು ದಾಟಿ ಸಕ್ರೆಬೈಲು, ಮಂಡಗದ್ದೆ ಅಂತ ತುಂಗೆಯ ಪಕ್ಕದಲ್ಲೇ, ಕಾಡಿನ ನಡುವೆ ರಸ್ತೆ ಹೋಗುತ್ತದೆ. ಕತ್ತಲಾದ ಮೇಲೆ ದಾರಿದೀಪ ಇಲ್ಲ, ತಿರುವು ಜಾಸ್ತಿ. ಮಳೆಗಾಲದಲ್ಲಂತೂ ಹೇಳುವುದೇ ಬೇಡ. ಎಷ್ಟು ವೇಗದಲ್ಲಿದ್ದೇನೆ ಅಂತ ಕಾಣುವುದಿಲ್ಲ. ಪೆಟ್ರೋಲ್ ಎಷ್ಟಿದೆ ಕಾಣುವುದಿಲ್ಲ. ಹಳೆಯ ಕಾರಿನಲ್ಲಿ ಎಲ್ಲಕ್ಕಿಂತ ಮುಖ್ಯವಾಗಿ ನೋಡಬೇಕಾದ ಟೆಂಪರೇಚರ್ ಮುಳ್ಳು ಕಾಣುವುದಿಲ್ಲ. ಮೊಬೈಲಿನ ಟಾರ್ಚ್ ಹಾಕಿ ಮೀಟರ್ ನೋಡಿಕೊಂಡು ಹೋಗುವ ರಸ್ತೆ ಅದಲ್ಲ.

ನಮ್ಮ ಆಫೀಸಿನ ಡ್ರೈವರ್ ಈ ಮೇಸ್ತ್ರಿಯ ಅಂಗಡಿ ಹೇಳಿದರು.

ಅಲ್ಲಿ ಮೊದಲು ನನಗೆ ಹಿಡಿಸಿದ್ದು ಅವರು ಕೇಳಿದ ಪ್ರಶ್ನೆ. ಏನಾಗಿದೆ ಅಂತ ಕೇಳಿದ ಕೂಡಲೇ, "ಇದಕ್ಕೆ ಮುಂಚೆ ಗಾಡಿಗೆ ಏನು ಕೆಲಸ ಮಾಡ್ಸಿದ್ರಿ?" ಅಂತ ಕೇಳಿದರು. ಸ್ಟೀರಿಯೋ ಅಂದೆ. "ಹಾಗಾದ್ರೆ ಮೀಟರ್ ಬಿಚ್ಚೋದು ಬೇಡ, ಅದು ಕೊನೆಗೆ" ಅಂದರು. ಬೇರೆ ಕಡೆ ಎಲ್ಲರೂ ಮೊದಲು ಮೀಟರಿನ ಕಡೆಗೇ ಬೆರಳು ತೋರಿಸಿದ್ದರು.

ಆಮೇಲೆ ಲೈಟ್ ಹಾಕಿಸಿ ಕಾರಿನ ಸುತ್ತ ಒಂದು ಸುತ್ತು ಬಂದರು. ಪಾರ್ಕಿಂಗ್ ಲೈಟ್, ಟೈಲ್ ಲೈಟ್, ನಂಬರ್ ಪ್ಲೇಟ್ ಲೈಟ್ ಎಲ್ಲ ನೋಡಿದರು. ಎಲ್ಲವೂ ಉರಿಯುತ್ತಿದ್ದವು. ಕೀ ಆನ್ ಮಾಡಿಸಿ ಆಯಿಲ್ ದೀಪ, ಬ್ಯಾಟರಿ ದೀಪ, ಹ್ಯಾಂಡ್ ಬ್ರೇಕ್ ದೀಪ ಬರುತ್ತವಾ ನೋಡಿದರು. ಬಂದವು. ಇಂಡಿಕೇಟರ್ ಬಾಣ, ಹೈ ಬೀಮಿನ ನೀಲಿ ದೀಪ ಕೂಡ ಬಂದವು. ಇಷ್ಟು ನೋಡಿದ್ದಕ್ಕೇ ಅರ್ಧ ಕೆಲಸ ಮುಗಿದಿತ್ತು ಅಂತ ನನಗೆ ಆಮೇಲೆ ಗೊತ್ತಾಯಿತು. ಎಚ್ಚರಿಕೆ ದೀಪಗಳದ್ದು ಬೇರೆ ಲೈನು. ಅವು ಬರುತ್ತಿವೆ ಅಂದರೆ ಮೀಟರಿನ ಹಿಂದಿನ ಕಪ್ಲರ್ (ವೈರುಗಳನ್ನು ಸೇರಿಸುವ ಪ್ಲಗ್ಗು) ಸರಿಯಾಗಿ ಕೂತಿದೆ, ಮೀಟರಿಗೆ ಕರೆಂಟ್ ಹೋಗುತ್ತಿದೆ. ರಾತ್ರಿ ಮೀಟರನ್ನು ಬೆಳಗುವ ಬಲ್ಬ್‌ಗಳ ಲೈನು ಪಾರ್ಕಿಂಗ್ ಲೈಟಿನ ಜೊತೆ ಬರುತ್ತದೆ. ಟೈಲ್ ಮತ್ತು ಡ್ಯಾಶ್‌ಬೋರ್ಡ್ ಎರಡೂ ಹೋದರೆ ಮೊದಲು ಫ್ಯೂಸ್ ನೋಡಬೇಕು. ಟೈಲ್ ಇದ್ದು ಡ್ಯಾಶ್‌ಬೋರ್ಡ್ ಮಾತ್ರ ಹೋಗಿದ್ದರೆ ಡಿಮ್ಮರ್ ಅಥವಾ ಅದರ ಅರ್ತಿಂಗ್ (ಕರೆಂಟ್ ಕಾರಿನ ಲೋಹದ ಬಾಡಿಯ ಮೂಲಕ ವಾಪಸ್ ಹೋಗುವ ದಾರಿ) ಕಡೆ ನೋಡಬೇಕು. ಮೀಟರಷ್ಟೇ ಕತ್ತಲಾಗಿ ಎಸಿ ಪ್ಯಾನಲ್ ಬೆಳಗುತ್ತಿದ್ದರೆ ಆಗ ಮೀಟರ್ ಬಿಚ್ಚಬೇಕು. ಮೇಸ್ತ್ರಿ ಇದನ್ನು ಪಾಠ ಮಾಡಲು ಹೇಳಿದ್ದಲ್ಲ. ಹತ್ತಿರದಲ್ಲಿದ್ದ ಹುಡುಗನಿಗೆ ಹೇಳುತ್ತಿದ್ದರು. ನಾನು ಕೇಳಿಸಿಕೊಂಡೆ.

ಡಿಮ್ಮರ್ ಅಂದರೆ ಸ್ಟೀರಿಂಗಿನ ಹತ್ತಿರ ಇರುವ ಸಣ್ಣ ಚಕ್ರ. ಮೀಟರ್ ಲೈಟನ್ನು ಜಾಸ್ತಿ ಕಡಿಮೆ ಮಾಡುವುದಕ್ಕೆ. ಮೇಸ್ತ್ರಿ ಅದನ್ನೂ ತಿರುಗಿಸಿ ನೋಡಿದರು. ಡ್ಯಾಶ್‌ಬೋರ್ಡಿನ ಒಳಗೆ ಕೈ ಹಾಕಿ ಕೆಲಸ ಮಾಡುವಾಗ ಆ ಚಕ್ರ ಪೂರ್ತಿ ಕೆಳಗೆ ತಿರುಗಿಬಿಡುವುದು ಸಾಮಾನ್ಯವಂತೆ. ಕಾರಿನವರು ಲೈಟ್ ಹೋಯಿತು ಅಂತ ಗಾಬರಿಯಾಗಿ ಬರುತ್ತಾರೆ, ಚಕ್ರ ತಿರುಗಿಸಿದರೆ ಬರುತ್ತದೆ. ಹಾಗಿದ್ದರೆ ಅವರು ದುಡ್ಡು ತೆಗೆದುಕೊಳ್ಳುವುದಿಲ್ಲ. ನಿಮ್ಮ ಕಾರಿನಲ್ಲೂ ಹೀಗಾದರೆ ಮನೆಯಲ್ಲೇ ಮೊದಲು ಇದನ್ನು ನೋಡಿ. ನನ್ನದರಲ್ಲಿ ಏನೂ ಆಗಲಿಲ್ಲ.

ಆಮೇಲೆ ಫ್ಯೂಸ್ ಬಾಕ್ಸ್ ತೆಗೆದರು. ಇಲ್ಲಿ ಅವರ ಮುಖ ಬದಲಾಯಿತು.

ಮುಚ್ಚಳದ ಮೇಲೆ ಆ ಜಾಗಕ್ಕೆ 10 ಅಂತ ಬರೆದಿತ್ತು. ಅಲ್ಲಿ ಕೂತಿದ್ದದ್ದು ಹಳದಿ ಫ್ಯೂಸ್. ಬ್ಲೇಡ್ ಫ್ಯೂಸುಗಳಲ್ಲಿ ಕೆಂಪು ಅಂದರೆ 10 ಆಂಪಿಯರ್, ನೀಲಿ 15, ಹಳದಿ 20. ಸ್ಟೀರಿಯೋ ಅಂಗಡಿಯವರು 10 ಹೋಯಿತು ಅಂತ 20 ಹಾಕಿ ಕಳಿಸಿದ್ದರು. ಮೇಸ್ತ್ರಿ ಅದನ್ನು ಕಿತ್ತು ನನ್ನ ಕೈಗೆ ಕೊಟ್ಟರು. "ಫ್ಯೂಸ್ ಹೋಯ್ತು ಅಂದ್ರೆ ಅದು ಅದರ ಕೆಲಸ ಮಾಡಿದೆ ಅಂತ. ಯಾಕೆ ಹೋಯ್ತು ಅಂತ ನೋಡ್ಬೇಕು ಮೇಡಂ. ದೊಡ್ಡದು ಹಾಕಿದ್ರೆ ಫ್ಯೂಸ್ ಉಳಿಯುತ್ತೆ, ವೈರು ಸುಡುತ್ತೆ." ಸ್ವಲ್ಪ ಸಿಟ್ಟಿನಲ್ಲೇ ಹೇಳಿದರು. ಆ ಸಿಟ್ಟು ನನಗೆ ಇಷ್ಟವಾಯಿತು. ನನ್ನ ಕಾರಿನ ಬಗ್ಗೆ ಆ ಮಟ್ಟಿಗೆ ತಲೆಕೆಡಿಸಿಕೊಂಡವರು ಅಲ್ಲಿಯವರೆಗೆ ಯಾರೂ ಸಿಕ್ಕಿರಲಿಲ್ಲ.

ಇದನ್ನು ಓದುವವರು ಬೇರೆ ಏನು ಮರೆತರೂ ಇದನ್ನು ಮರೆಯಬೇಡಿ. ಕಾರಿನ ವೈರಿನ ದಪ್ಪ ನೋಡಿ ಕಂಪನಿಯವರು ಫ್ಯೂಸ್ ಕೊಟ್ಟಿರುತ್ತಾರೆ. ಪಾರ್ಕಿಂಗ್, ಟೈಲ್, ನಂಬರ್ ಪ್ಲೇಟ್ ಬಲ್ಬ್‌ಗಳು ಸಾಮಾನ್ಯವಾಗಿ ತಲಾ 5 ವ್ಯಾಟ್. ಡ್ಯಾಶ್‌ಬೋರ್ಡಿನವು ಅದಕ್ಕಿಂತ ಸಣ್ಣವು. ಎಲ್ಲ ಕೂಡಿಸಿದರೂ 12 ವೋಲ್ಟಿನಲ್ಲಿ ಮೂರು ನಾಲ್ಕು ಆಂಪಿಯರಿನ ಆಸುಪಾಸು. ಅಂಥ ಲೈನಿನಲ್ಲಿ 10ರ ಫ್ಯೂಸ್ ಹೋಗಿದೆ ಅಂದರೆ ಎಲ್ಲೋ ಶಾರ್ಟ್ ಆಗಿದೆ ಅಂತಲೇ ಲೆಕ್ಕ. ಯಾರಾದರೂ ನಿಮ್ಮ ಕಾರಿಗೆ ಫ್ಯೂಸ್ ಬದಲಾಯಿಸಿದರೆ ಬಣ್ಣ ನೋಡಿ, ಮುಚ್ಚಳದಲ್ಲಿ ಬರೆದ ನಂಬರ್ ನೋಡಿ. ಕೇಳುವುದಕ್ಕೆ ಸಂಕೋಚ ಬೇಡ.

ಅವರು 10ರ ಕೆಂಪು ಫ್ಯೂಸ್ ಹಾಕಿ ಲೈಟ್ ಆನ್ ಮಾಡಿಸಿದರು. ಫ್ಯೂಸ್ ಹೋಗಲಿಲ್ಲ. ಅದಕ್ಕೆ ಸಮಾಧಾನಪಡಲಿಲ್ಲ. "ಶಾರ್ಟ್ ಇದ್ದದ್ದು ಎಲ್ಲೋ ಸುಟ್ಟು ತೆರೆದುಕೊಂಡಿದೆ" ಅಂದರು, ಅಂದರೆ ಕರೆಂಟ್ ಹೋಗುವ ದಾರಿ ಅಲ್ಲಿ ಕಡಿದಿದೆ ಅಂತ. ಸುಟ್ಟ ವಾಸನೆ ಬಂದಿತ್ತು ಅಂತ ನಾನು ಆಗ ಹೇಳಿದೆ. ಯಾವ ಕಡೆಯಿಂದ ಅಂತ ಕೇಳಿದರು. ಸ್ಟೀರಿಂಗಿನ ಪಕ್ಕ ಅಂದೆ. ತಲೆಯಾಡಿಸಿ ಟೆಸ್ಟ್ ಲ್ಯಾಂಪ್ ತೆಗೆದುಕೊಂಡರು.

ಆ ಟೆಸ್ಟ್ ಲ್ಯಾಂಪಿನ ಬಗ್ಗೆ ಎರಡು ಮಾತು. ಮೇಜಿನ ಮೇಲೆ ವೋಲ್ಟ್ ಅಳೆಯುವ ಡಿಜಿಟಲ್ ಮೀಟರ್ ಇತ್ತು. ಆದರೂ ಮೊದಲು ಕೈ ಹೋದದ್ದು ಒಂದು ಬಲ್ಬು, ಒಂದು ಸೂಜಿ, ಒಂದು ಕ್ಲಿಪ್ಪಿನ ಹಳೇ ಲ್ಯಾಂಪಿಗೆ. ಕಾರಣ ಕೇಳಿದೆ. ಎಳೆ ಎಳೆ ಕಿತ್ತು ಒಂದೇ ಎಳೆ ಉಳಿದ ವೈರಿನಲ್ಲೂ ಡಿಜಿಟಲ್ ಮೀಟರ್ 12 ವೋಲ್ಟ್ ತೋರಿಸುತ್ತದೆ, ಯಾಕೆಂದರೆ ಅದು ಎಳೆಯುವ ಕರೆಂಟ್ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ತುಕ್ಕು ಹಿಡಿದ ಜೋಡಣೆಯಲ್ಲೂ ಹಾಗೇ. ಬಲ್ಬು ಕರೆಂಟ್ ಎಳೆಯುತ್ತದೆ. ವೈರಿನಲ್ಲಿ ದಮ್ಮಿಲ್ಲದಿದ್ದರೆ ಮಂಕಾಗಿ ಉರಿಯುತ್ತದೆ. ಆದರೆ ಹೊಸ ಕಾರುಗಳಲ್ಲಿ ಎಲ್ಲೆಂದರಲ್ಲಿ ಇದನ್ನು ಚುಚ್ಚಬಾರದು, ಕಂಪ್ಯೂಟರಿನ ಲೈನಿಗೆ ಹೊಡೆತ ಬೀಳುತ್ತದೆ, ಹಳದಿ ಕವಚದ ಏರ್‌ಬ್ಯಾಗ್ ವೈರಿನ ಹತ್ತಿರವಂತೂ ಹೋಗಲೇಬಾರದು ಅಂತ ಕೂಡ ಹೇಳಿದರು.

ಎಸಿ ಪ್ಯಾನಲಿನ ಗುಂಡಿಗಳನ್ನು ತೆಗೆದು ಒಂದು ಬಲ್ಬ್ ಹೊರಗೆ ಎಳೆದರು. ಬಲ್ಬ್ ಚೆನ್ನಾಗಿತ್ತು. ಮೀಟರ್ ಬಲ್ಬ್ ಹೋಗಿದೆ ಅಂದ ಮಾತು ಅಲ್ಲೇ ಅನುಮಾನಕ್ಕೆ ಬಿತ್ತು. ಲ್ಯಾಂಪಿನ ಕ್ಲಿಪ್ಪನ್ನು ಕಾರಿನ ಬಾಡಿಯ ಲೋಹಕ್ಕೆ ಸಿಕ್ಕಿಸಿ ಹೋಲ್ಡರಿನ ಒಂದು ಕಡೆ ಮುಟ್ಟಿಸಿದರು. ಉರಿಯಿತು. ಇನ್ನೊಂದು ಕಡೆ ಮುಟ್ಟಿಸಿದರು. ಅದೂ ಉರಿಯಿತು. ಎರಡೂ ಕಡೆ ಕರೆಂಟ್ ಇದೆ, ಬಲ್ಬ್ ಸರಿ ಇದೆ, ಆದರೂ ಬೆಳಕಿಲ್ಲ!

ಎರಡು ತೊಟ್ಟಿಯಲ್ಲಿ ನೀರು ಒಂದೇ ಮಟ್ಟದಲ್ಲಿದ್ದರೆ ನಡುವಿನ ಪೈಪಿನಲ್ಲಿ ನೀರು ಹರಿಯುವುದಿಲ್ಲ ಅಲ್ವಾ, ಹಾಗೆ. ಒಂದು ಕಡೆ 12 ವೋಲ್ಟ್ ಇರಬೇಕು, ಇನ್ನೊಂದು ಕಡೆ ಅರ್ತಿಂಗ್ ಸಿಗಬೇಕು. ಆಗ ಬಲ್ಬ್ ಉರಿಯುತ್ತದೆ. ನನ್ನ ಕಾರಿನಲ್ಲಿ ಅರ್ತಿಂಗ್ ಆಗಬೇಕಾದ ಕಡೆಯೂ 12 ವೋಲ್ಟ್ ಬಂದು ಕೂತಿತ್ತು.

ಆಮೇಲೆ ಸ್ಟೀರಿಯೋ ಹೊರಗೆ ಎಳೆದರು. ಹಿಂದೆ ನೋಡಿದರೆ ಕಂಪನಿಯ ಕಪ್ಲರ್ ಕತ್ತರಿಸಿ ಬಿಸಾಡಿದ್ದರು. ವೈರುಗಳನ್ನು ಸುಮ್ನೆ ಕೈಯಲ್ಲಿ ತಿರುಚಿ ಟೇಪ್ ಸುತ್ತಿದ್ದರು. ಟೇಪಿನ ಅಂಟು ಆಗಲೇ ಬಿಟ್ಟಿತ್ತು. ಮೇಸ್ತ್ರಿ ಕಿತ್ತಳೆ ಬಣ್ಣದ ವೈರನ್ನು ಹುಡುಕಿ ನನಗೆ ತೋರಿಸಿದರು. ಹೊರಗಿನಿಂದ ತಂದು ಹಾಕುವ ಸ್ಟೀರಿಯೋಗಳಲ್ಲಿ ಬಣ್ಣಗಳು ಹೆಚ್ಚುಕಡಿಮೆ ಒಂದೇ ಥರ. ಹಳದಿ ಬ್ಯಾಟರಿಯಿಂದ ನೇರ, ಕೆಂಪು ಕೀ ತಿರುಗಿಸಿದಾಗ ಬರುವುದು, ಕಪ್ಪು ಅರ್ತಿಂಗ್. ಕಿತ್ತಳೆ ಅಂದರೆ ಪಾರ್ಕಿಂಗ್ ಲೈಟ್ ಹಾಕಿದಾಗ ಸ್ಕ್ರೀನಿಗೆ "ರಾತ್ರಿಯಾಯಿತು, ಮಂದ ಆಗು" ಅಂತ ತಿಳಿಸುವ ವೈರು. ಅದಕ್ಕೆ ಕಾರಿನ ಕಡೆಯಿಂದ ಒಂದೇ ವೈರು ಬೇಕು. ಆದರೆ ನನ್ನ ಕಾರಿನ ಕಪ್ಲರಿನಲ್ಲಿ ಲೈಟಿಗೆ ಸಂಬಂಧಿಸಿದ ವೈರುಗಳು ಎರಡು ಇದ್ದವು. ಒಂದರಲ್ಲಿ ಲೈಟ್ ಹಾಕಿದಾಗ 12 ವೋಲ್ಟ್ ಬರುತ್ತದೆ. ಇನ್ನೊಂದು ಬಲ್ಬ್‌ಗಳ ವಾಪಸ್ ದಾರಿ, ಡಿಮ್ಮರ್ ಮೂಲಕ ಅರ್ತಿಂಗಿಗೆ ಹೋಗುವುದು. ಎರಡೂ ಲೈಟಿನ ವೈರು ತಾನೇ ಅಂತ ಸ್ಟೀರಿಯೋದವರು ಎರಡನ್ನೂ ಸೇರಿಸಿ ಕಿತ್ತಳೆಗೆ ಸುತ್ತಿದ್ದರು.

ಅಲ್ಲಿಗೆ ಎಲ್ಲ ಬಿಡಿಸಿಕೊಂಡಿತು. ಮೊದಲ ಸಂಜೆ ಲೈಟ್ ಹಾಕಿದಾಗ 12 ವೋಲ್ಟ್ ಬಲ್ಬ್‌ಗಳ ಮೂಲಕ ಹೋಗದೆ ನೇರವಾಗಿ ಡಿಮ್ಮರಿಗೆ ನುಗ್ಗಿತು. 10ರ ಫ್ಯೂಸ್ ಹೋಗಿ ಕಾರನ್ನು ಉಳಿಸಿತು. ಮರುದಿನ 20ರದ್ದು ಹಾಕಿದ ಮೇಲೆ ಫ್ಯೂಸ್ ತಡೆದುಕೊಂಡಿತು, ಡಿಮ್ಮರ್ ತಡೆಯಲಿಲ್ಲ. ಸುಟ್ಟ ವಾಸನೆ ಅದರದ್ದು. ಡಿಮ್ಮರ್ ಸುಟ್ಟು ತೆರೆದುಕೊಂಡ ಮೇಲೆ ಶಾರ್ಟ್ ಇಲ್ಲ, ಹಾಗಾಗಿ ಟೈಲ್ ಲೈಟ್ ಬಂತು. ಸ್ಕ್ರೀನಿಗೆ 12 ವೋಲ್ಟ್ ಸಿಗುತ್ತಲೇ ಇತ್ತು, ಹಾಗಾಗಿ ಅದು ಸರಿಯಾಗಿ ಮಂದವಾಗುತ್ತಿತ್ತು. ಯಾವುದನ್ನು ತೋರಿಸಿ ನಮ್ಮ ವೈರಿಂಗ್ ಸರಿ ಇದೆ ಅಂದಿದ್ದರೋ ಅದೇ ಜೋಡಣೆ ತೊಂದರೆಯ ಮೂಲ.

ಮೇಸ್ತ್ರಿ ಆ ಎರಡು ವೈರುಗಳನ್ನು ಬೇರೆ ಮಾಡಿ ಮತ್ತೆ ಹೋಲ್ಡರ್ ಮುಟ್ಟಿಸಿದರು. ಈಗ ಒಂದು ಕಡೆ ಮಾತ್ರ ಟೆಸ್ಟ್ ಲ್ಯಾಂಪ್ ಪೂರ್ತಿ ಉರಿಯಿತು, ಇನ್ನೊಂದು ಕಡೆ ಉಳಿದ ಬಲ್ಬ್‌ಗಳ ಮೂಲಕ ಬಂದ ಕರೆಂಟಿನಲ್ಲಿ ಮಂಕಾಗಿ ಉರಿಯಿತು. ಕ್ಲಿಪ್ಪನ್ನು ತೆಗೆದು ಕರೆಂಟಿರುವ ಕಡೆ ಹಾಕಿ ಇನ್ನೊಂದು ಕಡೆ ಮುಟ್ಟಿಸಿದರು. ಅರ್ತಿಂಗ್ ಇದ್ದರೆ ಉರಿಯಬೇಕು. ಉರಿಯಲಿಲ್ಲ. ಅಂದರೆ ವಾಪಸ್ ದಾರಿ ಕಡಿದಿದೆ. ಒಂದು ತುಂಡು ವೈರು ತೆಗೆದುಕೊಂಡು ಆ ವಾಪಸ್ ವೈರನ್ನು ನೇರವಾಗಿ ಬಾಡಿಯ ಬೋಲ್ಟಿಗೆ ಹಿಡಿದರು. ಮೀಟರ್, ಎಸಿ ಪ್ಯಾನಲ್, ಸ್ವಿಚ್ಚುಗಳು ಎಲ್ಲ ಒಟ್ಟಿಗೆ ಬೆಳಗಿದವು. ಮೀಟರ್ ಸೆಟ್ ಬದಲಾಯಿಸಬೇಕು ಅಂತ ಹೇಳಿಸಿಕೊಂಡು ಬಂದವಳಿಗೆ ಅದನ್ನು ನೋಡಿ ಎಷ್ಟು ಸಂತೋಷವಾಯಿತು ಅಂತ ಹೇಳಲಾರೆ. ಮೀಟರಿನ ಒಂದು ಸ್ಕ್ರೂ ಕೂಡ ಬಿಚ್ಚಿರಲಿಲ್ಲ.

ಡಿಮ್ಮರ್ ಹೊರಗೆ ತೆಗೆದು ಬಿಡಿಸಿ ತೋರಿಸಿದರು. ಒಳಗಿನ ಸಣ್ಣ ಬೋರ್ಡ್ ಕಂದಾಗಿ ಸುಟ್ಟಿತ್ತು, ಒಂದು ಪಾರ್ಟ್ ಒಡೆದಿತ್ತು.

ಇಲ್ಲಿ ನನಗೆ ಎರಡು ದಾರಿ ಹೇಳಿದರು. ಡಿಮ್ಮರ್ ಇಲ್ಲದೆ ವಾಪಸ್ ವೈರನ್ನು ನೇರ ಅರ್ತಿಂಗಿಗೆ ಕೊಡಬಹುದು. ಖರ್ಚು ಕಡಿಮೆ, ಯಾವ ಅಪಾಯವೂ ಇಲ್ಲ. ಆದರೆ ಲೈಟ್ ಯಾವಾಗಲೂ ಪೂರ್ತಿ ಬೆಳಕಿನಲ್ಲೇ ಇರುತ್ತದೆ. ಇಲ್ಲವೇ ಸೆಕೆಂಡ್ ಹ್ಯಾಂಡ್ ಡಿಮ್ಮರ್ ಹುಡುಕಿ ಹಾಕಬಹುದು, ಸ್ವಲ್ಪ ಕಾಯಬೇಕು. ನಮ್ಮ ರಸ್ತೆಯಲ್ಲಿ ಹೊರಗೆ ಪೂರ್ತಿ ಕತ್ತಲಿರುವಾಗ ಒಳಗೆ ಜಾಸ್ತಿ ಬೆಳಕಿದ್ದರೆ ಕಣ್ಣಿಗೆ ಕಷ್ಟ, ಗಾಜಿನಲ್ಲೂ ಪ್ರತಿಫಲಿಸುತ್ತದೆ. ಡಿಮ್ಮರ್ ಬೇಕು ಅಂದೆ. ಅಲ್ಲಿಯವರೆಗೆ ನೇರ ಅರ್ತಿಂಗ್ ಕೊಟ್ಟು ಕಳಿಸಿದರು. ಆಮೇಲೆ ಗುಜರಿಯಿಂದ ಅದೇ ಮಾಡೆಲಿನ ಡಿಮ್ಮರ್ ತರಿಸಿ, ಹಾಕುವ ಮೊದಲು ಹೊರಗೆ ಬ್ಯಾಟರಿಗೆ ಕೊಟ್ಟು ಪರೀಕ್ಷೆ ಮಾಡಿ, ನನ್ನನ್ನು ಕರೆಸಿದರು.

ಎಲ್ಲ ಬಲ್ಬ್‌ಗಳನ್ನೂ ಎಲ್‌ಇಡಿ ಮಾಡಿಬಿಡಿ ಅಂತ ನಾನು ಕೇಳಿದ್ದೆ. ಬೇಡ ಅಂದರು. ಸಾದಾ ಬಲ್ಬಿಗೆ ಮಾಡಿದ ಡಿಮ್ಮರಿನಲ್ಲಿ ಎಲ್‌ಇಡಿ ಸರಿಯಾಗಿ ಮಂದ ಆಗುವುದಿಲ್ಲ, ಕೆಲವು ಮಿಣುಕುತ್ತವೆ. ಉಲ್ಟಾ ಹಾಕಿದರೆ ಉರಿಯುವುದೂ ಇಲ್ಲ. ಮೀಟರಿನಲ್ಲಿ ಬೆಳಕು ಒಂದೊಂದು ಕಡೆ ಚುಕ್ಕೆಯಾಗಿ ಬೀಳುತ್ತದೆ. ಮಾರಿದರೆ ಅವರಿಗೆ ಲಾಭವೇ ಇತ್ತು. ಆದರೂ ಬೇಡ ಅಂದರು. ಫ್ಯಾನ್ ಗುಂಡಿಯ ಹಿಂದಿನ ಒಂದು ಬಲ್ಬ್ ನಿಜವಾಗಿಯೂ ಹೋಗಿತ್ತು, ಅದಕ್ಕೆ ಸಾದಾ ಬಲ್ಬನ್ನೇ ಹಾಕಿದರು.

ವೈರಿಂಗನ್ನು ಮತ್ತೆ ಕಟ್ಟಿದ ರೀತಿ ನೋಡುವ ಹಾಗಿತ್ತು. ಮೊದಲು ಬ್ಯಾಟರಿಯ ಮೈನಸ್ ತೆಗೆದರು. ಸ್ಟೀರಿಯೋದವರ ಪ್ರತಿ ತಿರುಚನ್ನೂ ಬಿಚ್ಚಿ, ಕತ್ತರಿಸಿ, ಹೊಸದಾಗಿ ಬೆಸುಗೆ ಹಾಕಿ, ಮೇಲೆ ಸ್ಲೀವ್ ಏರಿಸಿ ಬಿಸಿ ಮಾಡಿ ಬಿಗಿ ಮಾಡಿದರು. ಕಿತ್ತಳೆಗೆ ಒಂದೇ ವೈರು ಕೊಟ್ಟರು. ಡಿಮ್ಮರಿನ ವಾಪಸ್ ವೈರನ್ನು ಬೇರೆಯಾಗಿ ಸ್ಲೀವ್ ಹಾಕಿ ಮಡಚಿ ಕಟ್ಟಿದರು. ಕಪ್ಪು ವೈರನ್ನು ಬಣ್ಣ ಕೆರೆದ ಬೋಲ್ಟಿಗೆ ಬಿಗಿದರು. ಕೊನೆಗೆ ಬಟ್ಟೆ ಟೇಪ್ ಸುತ್ತಿದರು. ಪ್ಲಾಸ್ಟಿಕ್ ಟೇಪ್ ಬಿಸಿಲಿಗೆ ಅಂಟು ಬಿಡುತ್ತದೆ, ಕಟಕಟ ಶಬ್ದವೂ ಬರುತ್ತದೆ, ಬಟ್ಟೆಯದ್ದು ಹಾಗಲ್ಲ. ಇದೆಲ್ಲ ಡ್ಯಾಶ್‌ಬೋರ್ಡಿನ ಒಳಗೆ ಯಾರ ಕಣ್ಣಿಗೂ ಬೀಳದ ಜಾಗ. ಅಲ್ಲೂ ಅಷ್ಟು ಅಚ್ಚುಕಟ್ಟು.

ಖರ್ಚಿನ ವಿಷಯ. ಹುಡುಕಿದ್ದಕ್ಕೆ, ಬೆಸುಗೆ ಕೆಲಸಕ್ಕೆ ಸೇರಿ 700 ರೂಪಾಯಿ. ಡಿಮ್ಮರಿಗೆ 350. ಬಲ್ಬಿಗೆ, ಫ್ಯೂಸಿಗೆ ಚಿಲ್ಲರೆ. ಹುಡುಕುವುದಕ್ಕೆ ದುಡ್ಡು ಯಾಕೆ ಅಂತ ಅಲ್ಲಿದ್ದ ಇನ್ನೊಬ್ಬರು ಚೌಕಾಸಿ ಮಾಡುತ್ತಿದ್ದರು. ನನ್ನ ಪ್ರಕಾರ ಕೊಡಬೇಕಾದದ್ದೇ ಅದಕ್ಕೆ. ವೈರು ಸೇರಿಸುವುದು ಯಾರಿಗಾದರೂ ಬರುತ್ತದೆ. ಯಾವ ವೈರು ಅಂತ ಕಂಡುಹಿಡಿಯಲು ಇವರಂಥವರು ಬೇಕು.

ಅಂಗಡಿಯಲ್ಲಿ ಕೊರತೆಗಳೂ ಇವೆ. ಮುದ್ರಿಸಿದ ಬಿಲ್ ಇಲ್ಲ. ಕೇಳಿದ್ದಕ್ಕೆ ಹಳೇ ಕ್ಯಾಲೆಂಡರ್ ಹಾಳೆಯ ಹಿಂದೆ ಬರೆದುಕೊಟ್ಟರು. ಇನ್ಶೂರೆನ್ಸಿಗೋ ಆಫೀಸಿಗೋ ಬಿಲ್ ಬೇಕಾದವರಿಗೆ ಇದು ಸಾಲದು. ಫೋನ್ ಎತ್ತುವುದು ಅಪರೂಪ, ಕೈಯಲ್ಲಿ ಯಾವಾಗಲೂ ಕೆಲಸ ಇರುತ್ತದೆ. ಸಂಜೆ ಕೊಡುತ್ತೇನೆ ಅಂದ ಕಾರು ಕತ್ತಲಾದ ಮೇಲೆ ಸಿಕ್ಕಿತು. ಕೂರಲು ಒಂದು ಸ್ಟೂಲ್ ಬಿಟ್ಟರೆ ಏನಿಲ್ಲ, ನೆರಳೂ ಕಡಿಮೆ. ಹೆಂಗಸರು ಒಬ್ಬರೇ ಹೋಗಬಹುದಾ ಅಂತ ನನ್ನ ಸ್ನೇಹಿತೆ ಕೇಳಿದಳು. ಧಾರಾಳವಾಗಿ ಹೋಗಬಹುದು. ನನಗೆ ವಿವರಿಸಿದಷ್ಟೇ ಅವರು ಪಕ್ಕದ ಲಾರಿ ಡ್ರೈವರಿಗೂ ವಿವರಿಸುತ್ತಿದ್ದರು, ನನಗೆ ಅರ್ಥವಾಗುವುದಿಲ್ಲ ಅಂತ ಯಾವ ಮಾತನ್ನೂ ನುಂಗಲಿಲ್ಲ.

ಇನ್ನೊಂದು ಮಿತಿ ಅವರೇ ಹೇಳಿದ್ದು. ಈಗಿನ ಹಲವು ಕಾರುಗಳಲ್ಲಿ ಡ್ಯಾಶ್‌ಬೋರ್ಡ್ ಲೈಟು ಒಂದು ಕಂಟ್ರೋಲ್ ಬಾಕ್ಸಿನ ಮೂಲಕ ಹೋಗುತ್ತದೆ, ಅದನ್ನು ಸ್ಕ್ಯಾನರ್ ಇಲ್ಲದೆ ಮುಟ್ಟುವುದು ಸರಿಯಲ್ಲ. ಅಂಥ ಕಾರು ಬಂದರೆ ಕಂಪನಿಯ ಸರ್ವೀಸಿಗೆ ಕಳಿಸುತ್ತಾರೆ. ವಾರಂಟಿ ಇರುವ ಕಾರಾದರಂತೂ ವೈರು ಕತ್ತರಿಸುವ ಕೆಲಸ ಯಾರ ಹತ್ತಿರವೂ ಮಾಡಿಸಬೇಡಿ, ನಿಮ್ಮ ಮಾಡೆಲಿಗೆ ಸಿಗುವ ರೆಡಿ ಕಪ್ಲರ್ ಕೇಳಿ ಹಾಕಿಸಿ ಅಂದರು. ಆ ಕಪ್ಲರಿನ ಒಂದು ತುದಿ ಕಾರಿನ ಪ್ಲಗ್ಗಿಗೆ, ಇನ್ನೊಂದು ತುದಿ ಸ್ಟೀರಿಯೋಗೆ ಕೂರುತ್ತದೆ. ಕತ್ತರಿ ಬೇಡ, ಟೇಪ್ ಬೇಡ. ಅದು ಹೆಚ್ಚು ದುಡ್ಡಿನದ್ದೂ ಅಲ್ಲ.

ಹೊಸ ಸ್ಟೀರಿಯೋ ಹಾಕಿಸುವವರು ಅಂಗಡಿಯಿಂದ ಹೊರಡುವ ಮೊದಲು ಹಗಲೇ ಇದ್ದರೂ ಲೈಟ್ ಹಾಕಿ ನೋಡಿ. ಮೀಟರಿನ ಮೇಲೆ ಕೈ ಅಡ್ಡ ಹಿಡಿದರೆ ಬೆಳಕು ಕಾಣುತ್ತದೆ. ಡಿಮ್ಮರ್ ಇದ್ದರೆ ತಿರುಗಿಸಿ ನೋಡಿ. ಹಿಂದೆ ಹೋಗಿ ಟೈಲ್, ನಂಬರ್ ಪ್ಲೇಟ್ ಲೈಟ್ ನೋಡಿ. ಹಾರ್ನ್, ಇಂಡಿಕೇಟರ್ ಕೂಡ. ಏನಾದರೂ ಬರದಿದ್ದರೆ ಅಲ್ಲೇ ನಿಂತು ಸರಿ ಮಾಡಿಸಿ, ಫ್ಯೂಸ್ ಬದಲಾಯಿಸಿದರೆ ಕಾರಣ ಕೇಳಿ.

ಈ ಅಂಗಡಿಗೆ ಹೋಗುವವರು ಬೆಳಿಗ್ಗೆ ಬೇಗ ಹೋಗಿ. ಮಳೆಗಾಲ ಶುರುವಾದರೆ ವೈಪರ್ ಮೋಟರ್, ಹೆಡ್‌ಲೈಟ್ ಕೆಲಸದ ಗಾಡಿಗಳು ಸಾಲುಗಟ್ಟಿ ನಿಲ್ಲುತ್ತವೆ. ಕೊನೆಯ ಸಲ ಏನು ಕೆಲಸ ಮಾಡಿಸಿದ್ದೀರಿ, ತೊಂದರೆ ಯಾವಾಗ ಶುರುವಾಯಿತು, ವಾಸನೆ ಬಂತಾ, ಯಾವ ಫ್ಯೂಸ್ ಹೋಯಿತು ಅನ್ನುವುದನ್ನು ನೆನಪು ಮಾಡಿಕೊಂಡು ಹೋಗಿ. ಕಿತ್ತ ಹಳೇ ಪಾರ್ಟ್ ಇದ್ದರೆ ಜೊತೆಗೆ ಒಯ್ಯಿರಿ. ನನ್ನ ಕಾರಿನ ಗ್ಲೋವ್ ಬಾಕ್ಸಿನ ದೀಪ ಕೂಡ ಬರುತ್ತಿಲ್ಲ, ಅದು ತುಂಬಾ ಹಿಂದಿನಿಂದಲೂ ಹಾಗೇ ಇದೆ. ಮುಂದಿನ ತಿಂಗಳು ಅದನ್ನೂ ಇವರ ಹತ್ತಿರವೇ ತೋರಿಸುತ್ತೇನೆ.